ಮೂರು ಚಕ್ರ ಇದ್ದರೂ ಅದು ಮೋಟಾರ್ ಸೈಕಲ್ಲೇ

ಮಾನ್ಯ ಸಂಪಾದಕರೇ,

ಮನೆಯಲ್ಲಿ ನಿಂತ ಹಳೇ ಗಾಡಿಗಳನ್ನು ಕೊಳೆಯಲು ಬಿಡಬೇಡಿ, ಗುಜರಿಗೆ ಕೊಟ್ಟುಬಿಡಿ ಎಂದು ಇತ್ತೀಚೆಗೆ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು. ಹೊಗೆ ಉಗುಳುತ್ತಾ ಓಡುವ ಗಾಡಿಗಳ ಬಗ್ಗೆ ಅವರು ಹೇಳಿದ್ದು ಸರಿ. ಆದರೆ ನಿಂತ ಗಾಡಿಯೆಲ್ಲ ಗುಜರಿ ಅಲ್ಲ. ನಮ್ಮ ಕೊಟ್ಟಿಗೆಯಲ್ಲಿ 33 ವರ್ಷ ನಿಂತಿದ್ದ ಒಂದು ಬುಲೆಟ್ ಬೈಕು, ಪಕ್ಕದಲ್ಲಿ ಕೂರುವ ಒಂಟಿ ಚಕ್ರದ ತೊಟ್ಟಿ, ಅಂದರೆ ಸೈಡ್‌ಕಾರ್ ಸಮೇತ, ಈಗ ಓಡುತ್ತಿದೆ. ಅದು ಹೇಗೆ ಆಯಿತು, ಆಮೇಲೆ ಸಾರಿಗೆ ಕಚೇರಿಯಲ್ಲಿ ಏನಾಯಿತು ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಪತ್ರ ಉದ್ದವಾದರೆ ದಯವಿಟ್ಟು ಸಹಿಸಿಕೊಳ್ಳಿ.

ನಾನು ಕೆಇಬಿಗೆ ಲೈನ್‌ಮ್ಯಾನ್ ಆಗಿ ಸೇರಿ, ಚೆಸ್ಕಾಂ ಆದ ಮೇಲೆ ನಿವೃತ್ತನಾದವನು. ಊರು ಚನ್ನರಾಯಪಟ್ಟಣ ತಾಲ್ಲೂಕು. ಗಾಡಿ 1969ರಲ್ಲಿ ನೋಂದಣಿಯಾದ ಬುಲೆಟ್ 350. ನಂಬರ್ ಎಂ.ವೈ. ಅಂತ ಶುರುವಾಗುತ್ತದೆ, ಅಂದರೆ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತ ಹೆಸರಿದ್ದ ಕಾಲದ್ದು. ಅಪ್ಪ ಅದನ್ನು 1974ರಲ್ಲಿ ಒಂದು ಜೊತೆ ಎತ್ತು ಮಾರಿ ಸೆಕೆಂಡ್ ಹ್ಯಾಂಡ್ ತಗೊಂಡರು. ಮೂರು ತಿಂಗಳ ನಂತರ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು ಸೈಡ್‌ಕಾರ್ ತಂದು ಎಡಕ್ಕೆ ಜೋಡಿಸಿದರು. ಎತ್ತು ಮಾರಿದ್ದಕ್ಕೇ ಬೈದಿದ್ದ ಊರವರು ಇದನ್ನು ನೋಡಿ ಇನ್ನೂ ಬೈದರು.

ಅಪ್ಪ ಷೋಕಿಗೆ ತಂದಿದ್ದಲ್ಲ. ನಮ್ಮ ಅವ್ವನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಬಲಗಾಲಿನಲ್ಲಿ ಬಲ ಇರಲಿಲ್ಲ. ಬೈಕಿನ ಹಿಂದೆ ಕೂರಲು ಆಗುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನವರು ತಳ್ಳುತ್ತಿದ್ದರು. ಅದಕ್ಕೆ ಅವ್ವ ತವರಿಗೆ ಹೋಗುವುದನ್ನೇ ಬಿಟ್ಟಿದ್ದರು. ಸೈಡ್‌ಕಾರ್ ಬಂದ ಮೇಲೆ ಆಕೆ ಶ್ರವಣಬೆಳಗೊಳ ನೋಡಿದರು, ಹಳೇಬೀಡು ನೋಡಿದರು, ಒಂದು ವರ್ಷ ಮೈಸೂರು ದಸರಾಕ್ಕೂ ಹೋಗಿ ಬಂದರು. ಅಪ್ಪ ಗಾಡಿ ಓಡಿಸುತ್ತಿದ್ದರು, ನಾನು ಹಿಂದೆ, ಅವ್ವ ತೊಡೆ ಮೇಲೆ ತಂಗಿಯನ್ನು ಕೂರಿಸಿಕೊಂಡು ಪಕ್ಕದಲ್ಲಿ. ಮಳೆ ಬಂದರೆ ಒಂದು ಟಾರ್ಪಾಲು ಎಳೆದುಕೊಂಡು ಅದರೊಳಗಿಂದಲೇ ಮಾತಾಡುತ್ತಿದ್ದರು.

1991ರಲ್ಲಿ ಅಪ್ಪನ ಕಣ್ಣು ಮಂಜಾಯಿತು. ಗಾಡಿಯನ್ನು ಕೊಟ್ಟಿಗೆಗೆ ತಳ್ಳಿ ನಿಲ್ಲಿಸಿದರು. ಆಮೇಲೆ ಅವರು ತೀರಿಕೊಂಡರು. ನನಗೆ ಕಂಬ ಹತ್ತುವುದರಲ್ಲೇ ಹೊತ್ತು ಹೋಯಿತು. ಸೈಡ್‌ಕಾರಿನಲ್ಲಿ ಕೋಳಿಗಳು ಕಾವು ಕೂರುತ್ತಿದ್ದವು, ಸೀಟಿನ ತೆಂಗಿನ ನಾರೆಲ್ಲ ಇಲಿ ಪಾಲಾಯಿತು. ಗುಜರಿಯವರು ಬಂದು ಎಲ್ಲ ಸೇರಿ 4,500 ಎಂದರು. ನಾನು ಹೂಂ ಅನ್ನುವವನಿದ್ದೆ. ಅವ್ವ ಒಳಗಿಂದ ಗೋಡೆ ಹಿಡಿದುಕೊಂಡು ಬಂದು, 'ಅದು ನನ್ನ ಕಾಲು ಕಣೋ, ಅದನ್ಯಾಕೆ ತೂಕಕ್ಕೆ ಹಾಕ್ತೀಯಾ' ಅಂದರು. ಅಲ್ಲಿಗೆ ಮಾತು ಮುಗಿಯಿತು.

ಇಲ್ಲಿಂದ ಮುಂದಿನದು ಇಂಥ ಗಾಡಿ ಇಟ್ಟುಕೊಂಡವರಿಗಾಗಿ. ಮೊದಲ ಮಾತು, ಸುಮ್ನೆ ಕಿಕ್ ಹೊಡೆಯಲು ಹೋಗಬೇಡಿ. ಪಕ್ಕದ ಮನೆಯ ಹುಡುಗ ಆಸೆಯಿಂದ ಕಿಕ್ಕರ್ ಮೇಲೆ ಕಾಲಿಟ್ಟಿದ್ದ, ಕೈ ಹಿಡಿದು ಇಳಿಸಿದೆ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಬೋರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಒಣಗಿ ತುಕ್ಕು ಕಟ್ಟಿರುತ್ತದೆ. ಪಿಸ್ಟನ್ ರಿಂಗು ಅದಕ್ಕೆ ಅಂಟಿಕೊಂಡಿರುತ್ತದೆ. ಒದ್ದರೆ ರಿಂಗು ಮುರಿಯುತ್ತದೆ, ಚೂರು ಬೋರನ್ನು ಗೀರುತ್ತದೆ. ಅಕಸ್ಮಾತ್ ತಿರುಗಿದರೂ ಬೇರಿಂಗಿಗೆ, ವಾಲ್ವ್ ಒತ್ತುವ ರಾಕರಿಗೆ ಒಂದು ತೊಟ್ಟು ಆಯಿಲ್ ಇರುವುದಿಲ್ಲ. 33 ವರ್ಷ ಕಾದ ಗಾಡಿಯನ್ನು ಒಂದು ಒದೆತದಲ್ಲಿ ಕೆಡಿಸಬಹುದು.

ನಮ್ಮದು ಪೂರ್ತಿ ಕಚ್ಚಿಕೊಂಡಿತ್ತು. ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಅರ್ಧರ್ಧ ಬೆರೆಸಿ ಬಿಟ್ಟೆ. ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ. ಸಂಜೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ತೂಗುತ್ತಿದ್ದೆ. ಸೈಡ್‌ಕಾರ್ ಇರುವುದರ ಒಂದು ಅನುಕೂಲ ನೋಡಿ, ಗಾಡಿ ಬೀಳುವ ಭಯವಿಲ್ಲ. ಒಬ್ಬನೇ ನಿಂತು ತೂಗಬಹುದು. ಹನ್ನೊಂದು ದಿನ ಅದು ಕಲ್ಲಿನ ಹಾಗೆ ನಿಂತಿತ್ತು. ಹನ್ನೆರಡನೇ ದಿನ ಒಳಗೆ 'ಕರ್' ಎಂದಿತು, ಚಕ್ರ ಒಂದು ಗೇಣು ಮುಂದೆ ಬಂತು. ನನ್ನ ಮಗಳು ಅಡುಗೆಮನೆಗೆ ಓಡಿ ಅವ್ವನಿಗೆ ಹೇಳಿದಳು.

ಬಿಟ್ಟುಕೊಂಡಿತು ಎಂದು ಹಾಗೇ ಸ್ಟಾರ್ಟ್ ಮಾಡಲಿಲ್ಲ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಮತ್ತು ಬ್ಯಾರೆಲ್, ಬಿಚ್ಚಿದೆವು. ಬೋರಿನ ನಡುವೆ ತುಕ್ಕಿನ ಒಂದು ತೆಳು ಉಂಗುರ ಇತ್ತು. ಲೇತ್ ಅಂಗಡಿಯಲ್ಲಿ ಹೋನಿಂಗ್, ಅಂದರೆ ಬೋರಿನ ಒಳಮೈ ಉಜ್ಜಿ ನಯ, ಮಾಡಿಸಿ ಹೊಸ ರಿಂಗು ಹಾಕಿದೆವು. ಪಿಸ್ಟನ್ ಅಪ್ಪನ ಕಾಲದ್ದೇ. ಜೋಡಿಸುವಾಗ ವಾಲ್ವ್ ಎತ್ತುವ ಟ್ಯಾಪೆಟ್ಟಿನ ಸಂದು ಅಳೆಯಲು ಫೀಲರ್ ಗೇಜ್ ಹುಡುಕಬೇಡಿ. ಎಂಜಿನ್ ತಣ್ಣಗಿದ್ದಾಗ ರಾಕರನ್ನು ತಳ್ಳುವ ಪುಶ್‌ರಾಡ್ ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲ್ಲಾಡಬಾರದು. ಅಷ್ಟೇ ಲೆಕ್ಕ.

ಹಳೇ ಆಯಿಲ್ ಟಾರಿನ ಹಾಗೆ ಇಳಿಯಿತು. ಬುಲೆಟ್ಟಿಗೆ ಬೇರೆ ಆಯಿಲ್ ಟ್ಯಾಂಕ್ ಇಲ್ಲ, ಎಂಜಿನ್ ಹೊಟ್ಟೆಯ ಹಿಂಭಾಗವೇ ಟ್ಯಾಂಕ್. ಒಂದು ಪಂಪು ಅಲ್ಲಿಂದ ಆಯಿಲ್ ಕಳಿಸುತ್ತದೆ, ಇನ್ನೊಂದು ವಾಪಸ್ ತರುತ್ತದೆ. ಹೊಸ ಆಯಿಲ್ ತುಂಬಿ, ರಾಕರಿಗೆ ಹೋಗುವ ಸಣ್ಣ ಪೈಪಿನ ಬೋಲ್ಟ್ ಸಡಿಲಿಸಿ, ಪ್ಲಗ್ ಇಲ್ಲದೆ ಕಿಕ್ಕರನ್ನು ಕೈಯಿಂದ ಒತ್ತುತ್ತಾ ಹೋದೆ. ಎಷ್ಟೋ ಹೊತ್ತಿನ ಮೇಲೆ ಅಲ್ಲಿ ಒಂದು ಹೊಂಬಣ್ಣದ ಹನಿ ಬಂತು. ಅದನ್ನು ಕಣ್ಣಾರೆ ನೋಡುವ ತನಕ ಪ್ಲಗ್ ಹಾಕಲಿಲ್ಲ.

ಪೆಟ್ರೋಲ್ ಟ್ಯಾಂಕಿನ ಒಳಗೆ ಬರೀ ತುಕ್ಕು. ವಿನೆಗರ್ ತುಂಬಿ ಎರಡು ದಿನ ಬಿಟ್ಟು, ಸಣ್ಣ ಸರಪಳಿ ಹಾಕಿ ಕುಲುಕಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿದೆ. ಕಾರ್ಬೊರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ, ಹಳೇ ಪೆಟ್ರೋಲು ಗೋಂದಿನ ಹಾಗೆ ಕೂತಿತ್ತು. ಜೆಟ್ಟು ಹಿತ್ತಾಳೆಯದ್ದು, ಪಿನ್ನು ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಮೀನಿನ ಗಾಳದ ನೈಲಾನ್ ದಾರ ಒಳ್ಳೆಯದು. ಇನ್ನೊಂದು ವಿಷಯ, ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆಸಿದ ಪೆಟ್ರೋಲ್. ಅದು ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯಲ್ಲಿನ ನೀರನ್ನೂ ಎಳೆದುಕೊಳ್ಳುತ್ತದೆ. ಅದಕ್ಕೆ ಪೈಪು, ವಾಷರ್ ಎಲ್ಲ ಹೊಸದು ಹಾಕಿದೆ. ಗಾಡಿ ಒಂದು ವಾರ ನಿಲ್ಲುತ್ತದೆ ಅಂದರೆ ಕಾಕ್ ಮುಚ್ಚಿ ಕಾರ್ಬೊರೇಟರ್ ಖಾಲಿ ಮಾಡುತ್ತೇನೆ.

ವೈರಿಂಗ್ ನನ್ನ ಕಸುಬು. ಇಲಿ ಕಡಿದದ್ದನ್ನೆಲ್ಲ ಕಿತ್ತು 6 ವೋಲ್ಟಿನ ಲೆಕ್ಕದಲ್ಲೇ ದಪ್ಪ ವೈರ್ ಎಳೆದೆ. ಅಷ್ಟೇ ವ್ಯಾಟಿನ ಬಲ್ಬಿಗೆ ವೋಲ್ಟೇಜ್ ಕಡಿಮೆ ಇದ್ದಷ್ಟೂ ಕರೆಂಟು ಜಾಸ್ತಿ ಹರಿಯುತ್ತದೆ, ಸಣ್ಣ ವೈರ್ ಹಾಕಿದರೆ ಹೆಡ್‌ಲೈಟು ಮಿಣುಕು ದೀಪವಾಗುತ್ತದೆ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟು ಉಜ್ಜಿ ಹದಿನೈದು ಥೌ (ಇಂಚಿನ ಸಾವಿರದಲ್ಲಿ ಹದಿನೈದು ಪಾಲು) ಗ್ಯಾಪ್ ಕೊಟ್ಟೆ, ಕಂಡೆನ್ಸರ್ ಹೊಸದು.

ಸ್ಟಾರ್ಟ್ ಆದದ್ದು ಒಂದು ಭಾನುವಾರ, ಹಾಲು ಕರೆದ ಮೇಲೆ. ಅಪ್ಪ ಕಲಿಸಿದ ಕ್ರಮವನ್ನೇ ಮಾಡಿದೆ. ಕಾರ್ಬೊರೇಟರಿನ ಟಿಕ್ಲರ್ ಗುಂಡಿ ಒತ್ತಿ ಪೆಟ್ರೋಲ್ ತುಳುಕಿಸುವುದು. ಕೀ ತಿರುಗಿಸಿ ಆಂಪ್ ಮೀಟರ್ ನೋಡುತ್ತಾ ಕಿಕ್ಕರ್ ಮೆಲ್ಲಗೆ ಒತ್ತುವುದು. ಎಡಕ್ಕೆ ವಾಲಿದ ಮುಳ್ಳು ನಡುವಿಗೆ ಬಂತು ಅಂದರೆ ಪಾಯಿಂಟು ತೆರೆದಿದೆ, ಪಿಸ್ಟನ್ ಮೇಲಿದೆ. ಆಗ ಎಂಜಿನ್ನಿನೊಳಗಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಹಿಡಿದು ಒಂದು ಚೂರು ದಾಟಿಸಿ, ಬಿಟ್ಟು, ಪೂರ್ತಿ ಮೈಭಾರ ಹಾಕಿ ಒದೆಯುವುದು. ಹದಿನಾಲ್ಕನೇ ಕಿಕ್ಕಿಗೆ ಹಿಡಿಯಿತು. ನೀಲಿ ಹೊಗೆ ಕೊಟ್ಟಿಗೆ ತುಂಬಿತು, ಹಸು ಹಗ್ಗ ಜಗ್ಗಿತು. ಅವ್ವ ಜಗುಲಿ ಮೇಲೆ ಕೂತಿದ್ದರು. ಏನೂ ಮಾತಾಡಲಿಲ್ಲ. ಎರಡೂ ಕೈಯಿಂದ ಸೀರೆ ಸೆರಗು ಹಿಡಿದುಕೊಂಡು ಆ ಡುಗ್ ಡುಗ್ ಸದ್ದನ್ನೇ ಕೇಳುತ್ತಿದ್ದರು.

ಎಂಜಿನ್ ಸಿದ್ಧವಾದರೂ ಅರ್ಧ ಕೆಲಸ ಬಾಕಿ ಇತ್ತು. ಸೈಡ್‌ಕಾರ್ ಜೋಡಿಸುವುದು ಬೇರೆಯೇ ವಿದ್ಯೆ. ಬುಲೆಟ್ ರಿಪೇರಿ ಮಾಡುವ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಸೈಡ್‌ಕಾರ್ ಕೂರಿಸುವವರನ್ನು ಹುಡುಕಲು ನನಗೆ ಎರಡು ತಿಂಗಳು ಬೇಕಾಯಿತು. ಕೊನೆಗೆ ಹಾಸನದಲ್ಲಿ ಒಬ್ಬ ಮೇಸ್ತ್ರಿ ಸಿಕ್ಕರು. ವಯಸ್ಸು 76, ಗ್ಯಾರೇಜ್ ಮುಚ್ಚಿ ಹತ್ತು ವರ್ಷವಾಗಿದೆ. 'ನೋಡಪ್ಪಾ, ನನ್ನ ಕೈಲಿ ಸ್ಪ್ಯಾನರ್ ತಿರುಗಿಸೋಕೆ ಆಗಲ್ಲ, ನಾನು ಹೇಳ್ತೀನಿ, ನೀನು ಮಾಡು' ಎಂದು ಬಂದರು.

ಅವರು ಕೇಳಿದ್ದು ಗಾರೆ ಕೆಲಸದವರ ಎರಡು ಉದ್ದನೆಯ ಅಲ್ಯೂಮಿನಿಯಂ ಪಟ್ಟಿ, ಒಂದು ತೂಗುಗುಂಡು, ಒಂದು ಟೇಪು. ಒಂದು ಪಟ್ಟಿಯನ್ನು ಬೈಕಿನ ಎರಡು ಚಕ್ರಕ್ಕೆ ತಾಗಿಸಿ ನೆಲದ ಮೇಲೆ ಇಟ್ಟೆವು, ಇನ್ನೊಂದನ್ನು ಸೈಡ್‌ಕಾರಿನ ಚಕ್ರಕ್ಕೆ. ಎರಡೂ ಪಟ್ಟಿಗಳ ನಡುವಿನ ಅಳತೆ ಹಿಂದಕ್ಕಿಂತ ಮುಂದೆ ಮುಕ್ಕಾಲು ಇಂಚು ಕಡಿಮೆ ಬರಬೇಕು. ಅಂದರೆ ಸೈಡ್‌ಕಾರಿನ ಚಕ್ರ ಬೈಕಿನ ಕಡೆಗೆ ಒಂದು ಚೂರು ಮುಖ ಮಾಡಿರಬೇಕು. ಇಲ್ಲದಿದ್ದರೆ ಗಾಡಿ ಇಡೀ ದಾರಿ ಎಡಕ್ಕೆ ಎಳೆಯುತ್ತದೆ. ಆಮೇಲೆ ತೂಗುಗುಂಡು ಹಿಡಿದು ಬೈಕನ್ನು ಸೈಡ್‌ಕಾರಿನಿಂದ ಆಚೆ, ಬಲಕ್ಕೆ ಒಂದೆರಡು ಡಿಗ್ರಿ ವಾಲಿಸಿದರು. ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಯುತ್ತವಲ್ವಾ, ರಸ್ತೆಯ ಎಡಬದಿಯಲ್ಲಿ ಹೋಗುವಾಗ ಆ ಇಳಿಜಾರಿಗೆ ಬೈಕು ನೆಟ್ಟಗೆ ನಿಲ್ಲುತ್ತದೆ. ಸೈಡ್‌ಕಾರಿನ ಚಕ್ರವೂ ಬೈಕಿನ ಹಿಂಚಕ್ರದ ನೇರಕ್ಕೆ ಇರಬಾರದು, ಸುಮಾರು ಒಂದು ಗೇಣು ಮುಂದಿರಬೇಕು. ನಾಲ್ಕು ಕಡೆ ಬಿಗಿದ ಬೋಲ್ಟುಗಳನ್ನು ಬಿಚ್ಚಿ, ಬಿಗಿದು, ಮತ್ತೆ ಅಳೆದು, ಒಂದೂವರೆ ದಿನ ಹಿಡಿಯಿತು. ಅವರು ಪುಸ್ತಕ ನೋಡಲಿಲ್ಲ. ಇದನ್ನೆಲ್ಲ ಎಲ್ಲೂ ಬರೆದಿಟ್ಟಿಲ್ಲ ಎಂದೂ ಹೇಳಿದರು.

ಓಡಿಸುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ನಮ್ಮ ಶಾಲೆ ಮೈದಾನದಲ್ಲಿ ಎರಡು ವಾರ ಸುತ್ತಿದೆ. ಸೈಡ್‌ಕಾರ್ ಗಾಡಿ ವಾಲುವುದಿಲ್ಲ, ಹ್ಯಾಂಡಲ್ ತಿರುಗಿಸಿಯೇ ತಿರುಗಬೇಕು. ಆಕ್ಸಿಲರೇಟರ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ. ಎಡ ತಿರುವಿನಲ್ಲಿ ಸ್ವಲ್ಪ ವೇಗ ಹೆಚ್ಚಾದರೂ ಖಾಲಿ ಸೈಡ್‌ಕಾರ್ ನೆಲ ಬಿಟ್ಟು ಏಳುತ್ತದೆ. ಒಬ್ಬರೇ ಹೋಗುವಾಗ ಅದರಲ್ಲಿ 40 ಕೆಜಿ ಮರಳಿನ ಚೀಲ ಇಡಿ, ದಯವಿಟ್ಟು. ಈ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಬೈಕು ಓಡಿಸಿದವರು ಗಾಬರಿಯಲ್ಲಿ ಬ್ರೇಕ್ ಎಂದು ಗೇರ್ ತುಳಿಯುತ್ತಾರೆ. ನನ್ನ ಮಗಳಿಗೆ ಇದು ರೂಢಿಯಾಗುವ ತನಕ ಮೈದಾನ ದಾಟಲು ಬಿಡಲಿಲ್ಲ.

ಟೈರು, ರಿಂಗು, ಲೇತ್ ಕೆಲಸ, ಸೀಟು, ಸೈಡ್‌ಕಾರಿಗೆ ಹಲಸಿನ ಹಲಗೆಯ ಹೊಸ ತಳ, ಎಲ್ಲ ಸೇರಿ 38,000 ರೂಪಾಯಿ ಖರ್ಚಾಯಿತು. ಅದು ನನಗೆ ಭಾರ ಅನ್ನಿಸಲಿಲ್ಲ. ಭಾರ ಅನ್ನಿಸಿದ್ದು ಇನ್ನು ಹೇಳುವುದು.

ಆರ್.ಸಿ. ನವೀಕರಣಕ್ಕೆ ಹೋದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಒಬ್ಬರ ಮೇಲೆ ದೂರು ಹಾಕುವುದು ನನ್ನ ಉದ್ದೇಶವಲ್ಲ. ಹಳೇ ಗಾಡಿಯ ವಿವರ ಕಂಪ್ಯೂಟರಿನಲ್ಲಿ ಇರಲಿಲ್ಲ, ಹಳೇ ರಿಜಿಸ್ಟರ್ ನೋಡಿ ಬ್ಯಾಕ್‌ಲಾಗ್ ಎಂಟ್ರಿ ಮಾಡಬೇಕು ಎಂದರು. ಸರಿ, ಅದಕ್ಕೆ ಕಾದೆ. ಎರಡನೇ ಸಲ ಹೋದಾಗ ಕೌಂಟರಿನವರು ಫೋಟೊ ನೋಡಿ, 'ಮೂರು ಚಕ್ರ ಇದೆಯಲ್ರೀ, ಇದು ಬೈಕ್ ಹೇಗಾಗುತ್ತೆ? ಸೈಡ್‌ಕಾರ್ ಬಿಚ್ಚಿ ತನ್ನಿ' ಎಂದರು. ಅಪ್ಪನ ಕಾಲದ ಆರ್.ಸಿ. ಪುಸ್ತಕದಲ್ಲಿ ಸೈಡ್‌ಕಾರ್ ಸಮೇತ ಎಂದು ಬರೆದಿದೆ, ಸೀಲು ಇದೆ. ತೋರಿಸಿದೆ. 'ಅದು ಆಗಿನ ಕಾನೂನು' ಎಂದರು. ಮೂರನೇ ಸಲವೂ ಅದೇ ಮಾತು.

ಆಗಿನದಲ್ಲ, ಈಗಿನ ಕಾನೂನೇ ಅದನ್ನು ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2ರ 27ನೇ ಉಪವಿಭಾಗ ಓದಿ. ಮೋಟಾರ್ ಸೈಕಲ್ ಅಂದರೆ ಎರಡು ಚಕ್ರದ ಮೋಟಾರು ವಾಹನ, ಹೆಚ್ಚಿನ ಒಂದು ಚಕ್ರವಿರುವ, ಬಿಚ್ಚಿ ತೆಗೆಯಬಹುದಾದ ಸೈಡ್‌ಕಾರೂ ಅದರಲ್ಲಿ ಸೇರಿದೆ ಎಂದು ಅಲ್ಲಿದೆ. ನನ್ನ ಮಗಳು ಅದನ್ನು ಪ್ರಿಂಟ್ ತೆಗೆದುಕೊಟ್ಟಳು. ನಾಲ್ಕನೇ ಸಲ ಅದನ್ನು ಹಿಡಿದುಕೊಂಡು ಮೇಲಿನ ಅಧಿಕಾರಿಯ ಹತ್ತಿರ ಹೋದೆ. ಅವರು ಎರಡು ಸಲ ಓದಿದರು. ಆಮೇಲೆ ಹೊರಗೆ ಬಂದು ಗಾಡಿ ಸುತ್ತಿ ನೋಡಿ, ಚಾಸಿ ನಂಬರ್ ಪೆನ್ಸಿಲ್‌ನಲ್ಲಿ ಉಜ್ಜಿಸಿಕೊಂಡು, ಐದು ವರ್ಷಕ್ಕೆ ನವೀಕರಿಸಿ ಕೊಟ್ಟರು. ಅವರಿಗೆ ನಾನು ಋಣಿ. ಆದರೆ ಕಾನೂನಿನ ಪ್ರಿಂಟ್ ತೆಗೆದುಕೊಡುವ ಮಗಳು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಅಷ್ಟರಲ್ಲಿ ಎಷ್ಟು ಜನ ಬೇಸರ ಬಂದು ಸೈಡ್‌ಕಾರ್ ಬಿಚ್ಚಿ ಗುಜರಿಗೆ ಹಾಕಿದ್ದಾರೋ!

ವಿಂಟೇಜ್ ಎಂದು ಮಾಡಿಸಿ ಎಂದು ಕೆಲವರು ಸಲಹೆ ಕೊಟ್ಟರು. 2021ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000, ಹತ್ತು ವರ್ಷ ನಡೆಯುತ್ತದೆ. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ಸಂಗ್ರಹ ಮಾಡುವವರಿಗೆ ಅದು ಒಳ್ಳೆಯ ನಿಯಮ. ನನಗೆ ಅವ್ವನನ್ನು ಕಣ್ಣಿನ ಆಸ್ಪತ್ರೆಗೂ ಕರೆದುಕೊಂಡು ಹೋಗಬೇಕು, ತವರಿನ ಜಾತ್ರೆಗೂ ಕರೆದುಕೊಂಡು ಹೋಗಬೇಕು. ಹಾಗಾಗಿ ಮಾಮೂಲಿ ನವೀಕರಣವೇ ಸರಿ ಎಂದುಕೊಂಡೆ. ನಿಮ್ಮ ಗಾಡಿಗೆ ಯಾವುದು ಹೊಂದುತ್ತದೆ ಎಂದು ಮೊದಲೇ ಯೋಚಿಸಿ ಅರ್ಜಿ ಹಾಕಿ.

ಸಾರಿಗೆ ಇಲಾಖೆಗೆ ನನ್ನ ಕೋರಿಕೆ ಒಂದೇ. ಸೈಡ್‌ಕಾರ್ ಇರುವ ಬೈಕುಗಳ ಬಗ್ಗೆ ಒಂದು ಪುಟದ ಸುತ್ತೋಲೆ ಕನ್ನಡದಲ್ಲಿ ಎಲ್ಲ ಕಚೇರಿಗೂ ಕಳಿಸಿ, ಕೌಂಟರಿನ ಗೋಡೆಗೆ ಅಂಟಿಸಿ. ಆ 27ನೇ ಉಪವಿಭಾಗವನ್ನು ಅದರಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. ಹೆಲ್ಮೆಟ್ ವಿಷಯವನ್ನೂ ಸೇರಿಸಿ. ಮುಂಚೆ ಸೈಡ್‌ಕಾರಿನಲ್ಲಿ ಕೂತವರಿಗೆ ವಿನಾಯಿತಿ ಇತ್ತು. 2019ರ ತಿದ್ದುಪಡಿಯಲ್ಲಿ ಆ ಮಾತು ಹೋಗಿದೆ. ನಾಲ್ಕು ವರ್ಷ ದಾಟಿದ, ಮೋಟಾರ್ ಸೈಕಲ್ಲಿನಲ್ಲಿ ಹೋಗುವ ಎಲ್ಲರಿಗೂ ಹೆಲ್ಮೆಟ್ ಬೇಕು ಎಂದಿದೆ. ಇದು ನಮ್ಮ ಕಡೆ ಪೊಲೀಸರಿಗೂ ಸವಾರರಿಗೂ ಸರಿಯಾಗಿ ಗೊತ್ತಿಲ್ಲ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ ಇದೆ. ನಮ್ಮ ಮೇಸ್ತ್ರಿಯಂಥವರು ಪ್ರತಿ ಜಿಲ್ಲೆಯಲ್ಲೂ ಒಬ್ಬಿಬ್ಬರು ಉಳಿದಿರಬಹುದು. ನಿಮ್ಮ ವರದಿಗಾರರು ಅವರನ್ನು ಹುಡುಕಿ ಮಾತಾಡಿಸಲಿ. ಮುಕ್ಕಾಲು ಇಂಚಿನ ಲೆಕ್ಕ, ತೂಗುಗುಂಡಿನ ಲೆಕ್ಕ ಅವರ ಬಾಯಿಂದಲೇ ಅಚ್ಚಾಗಲಿ. ಹತ್ತಿರದ ಐಟಿಐ ಹುಡುಗರು ಒಂದು ದಿನ ಅವರ ಜೊತೆ ಕೂತು ಫೋನಿನಲ್ಲಿ ವಿಡಿಯೊ ಮಾಡಿಕೊಂಡರೂ ಸಾಕು. ಮಾತ್ರೆ ಡಬ್ಬಿ ಜೇಬಿನಲ್ಲಿಟ್ಟುಕೊಂಡು ನಮ್ಮ ಕೊಟ್ಟಿಗೆಯಲ್ಲಿ ನಿಂತಿದ್ದ ಆ ಹಿರಿಯರನ್ನು ನೆನೆದರೆ, ಈ ಕೆಲಸ ಮುಂದಿನ ವರ್ಷಕ್ಕೆ ಎಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಅವ್ವನಿಗೆ ಈಗ 80. ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿದ ಮೇಲೆ ಆಕೆಯ ತಲೆಗೆ ಸರಿಹೊಂದುವ ಸಣ್ಣ ಹೆಲ್ಮೆಟ್ ಸಿಕ್ಕಿದೆ. ತುರುಬು ಕಟ್ಟಿದರೆ ಅದು ಕೂರುವುದಿಲ್ಲ, ಜಡೆ ಹಾಕಿಕೊಳ್ಳುತ್ತೇನೆ ಎಂದಿದ್ದಾರೆ. ಮಳೆ ನಿಂತ ಮೇಲೆ ಹಳೇಬೀಡಿಗೆ ಹೊರಡುತ್ತೇವೆ.

ಇಂತಿ ನಿಮ್ಮ ಓದುಗ,
ನಿವೃತ್ತ ಲೈನ್‌ಮ್ಯಾನ್, ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ